ಚರ್ಮ ವಾಸಿಯಾದ ಮೇಲೆ ಸಿಕ್ಕಿದ ಗಂಟು

ಘಾಟಿಯ ಮೇಲೆ, ಕಾಡಂಚಿನ ಬೇಗೂರಿನ ನಮ್ಮ ಕೇರಿಯಲ್ಲಿ ಹುಟ್ಟಿದ ಮಕ್ಕಳಿಗೆ ನೀರು ಹಾಕುವ ಕೆಲಸ ನನ್ನದು. ಗೋಡೆಗೆ ಒರಗಿ, ಎರಡೂ ಕಾಲು ಚಾಚಿ, ಕಾಲಮೇಲೆ ಮಲಗಿಸಿಕೊಂಡರೆ ಯಾವ ಮಗುವೂ ಜಾರುವುದಿಲ್ಲ. ನನ್ನ ಕಾಲು ಅಗಲ. ದೇವರು ಧಾರಾಳವಾಗಿ ಕೊಟ್ಟದ್ದು ಅದೊಂದೇ.

ಮೈಮೇಲೆ ಕೆಂಪು ಚಕ್ಕೆ ಎದ್ದ ಮೇಲೆ ಆ ಕೆಲಸ ಹೋಯಿತು. ಮೊದಲು ಸೊಂಟ, ಆಮೇಲೆ ಹೊಟ್ಟೆ, ತೊಡೆ, ಕೈ. ತುರಿಕೆಯೆಂದರೆ ತುರಿಕೆ. ಅಂಗಡಿ ಮುಲಾಮು ಹಚ್ಚಿದೆ, ಬೇವು ಅರೆದು ಹಚ್ಚಿದೆ. ವರ್ಷಗಳೇ ಹೋದವು. ಕುಷ್ಠ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ.

ಪೇಟೆಯ ಆಸ್ಪತ್ರೆಯಲ್ಲಿ ಚಕ್ಕೆಯ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಕುಷ್ಠವಲ್ಲ, ಕ್ಯಾನ್ಸರ್ ಅಂದರು. ರೋಗ ಬಾರದಂತೆ ಮೈಯನ್ನು ಕಾಯುವ ಟಿ ಕಣಗಳು ಅಂತ ಇವೆಯಂತೆ. ನನ್ನ ಮೈಯಲ್ಲಿ ಅವೇ ಕೆಟ್ಟು ಚರ್ಮದಲ್ಲಿ ಕೂತಿವೆಯಂತೆ. ಅಳು ಬರಲಿಲ್ಲ. ಮಕ್ಕಳಿಗೆ ಅಂಟುತ್ತದೆಯೇ ಎಂದು ಕೇಳಿದೆ. ಅಂಟುವುದಿಲ್ಲ ಎಂದರು ಡಾಕ್ಟರಮ್ಮ.

ಅದಕ್ಕೆ ಮದ್ದು ಬೆಳಕಂತೆ. ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಟ್ಯೂಬ್‌ಲೈಟಿನ ಪೆಟ್ಟಿಗೆಯೊಳಗೆ ಬರೀ ಮೈಯಲ್ಲಿ ನಿಂತು ಬರುತ್ತಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಚಕ್ಕೆಗಳು ಮಾಸಿದವು.

ಪಕ್ಕದ ಮನೆಯ ಸೊಸೆ ಆಗಷ್ಟೇ ಹೆತ್ತಿದ್ದಳು. ಬಂದು ನನ್ನ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಅಜ್ಜಿ, ನಾಳೆಯಿಂದ ಬತ್ತೀರಾ? ನಿಮ್ ತಂಗಿ ನೀರ್ ಹಾಕುದ್ರೆ ಮಗ ಊರ್‌ಗೆಲ್ಲ ಕೇಳಂಗೆ ಕೂಗ್ತದೆ.”

“ನನ್ ಕಾಲು ಸೌದೆಕಡ್ಡಿ, ನಾನೇನ್ ಮಾಡ್ಲಿ?” ಅಂದಳು ಒಳಗಿದ್ದ ತಂಗಿ. ನಾನು ಬಿಟ್ಟ ಕೆಲಸ ಅವಳ ಪಾಲಿಗೆ ಬಂದಿತ್ತು.

ಹೋದೆ. ಮೊದಲ ದಿನವೇ, ಮಗುವಿನ ಬೆನ್ನು ಉಜ್ಜಲು ಬಗ್ಗಿದಾಗ ತೊಡೆಸಂದಿಯಲ್ಲಿ ಏನೋ ಒತ್ತಿತು. ಮುಟ್ಟಿ ನೋಡಿದರೆ ನೆಲ್ಲಿಕಾಯಿಯಂಥ ಗಂಟು.

“ಉಣ್ಣಿ ಕಚ್ಚಿರ್ತದೆ ಅಕ್ಕ, ಸೌದೆಗ್ ಹೋಗಿದ್ಯಲ್ಲ. ಏನೂ ಕೊಳಪ್ಪ ಇಲ್ಲ, ಹೆದರ್‌ಬ್ಯಾಡ” ಅಂದಳು ತಂಗಿ.

ನಾನೂ ಹಾಗೇ ಅಂದುಕೊಂಡೆ. ಕಾಡಿಗೆ ಹೋಗುವವರಿಗೆ ಉಣ್ಣಿ ಕಾಲಿಗೆ ಕಚ್ಚಿದರೆ ತೊಡೆಸಂದಿ ಊದುತ್ತದೆ, ಆಮೇಲೆ ಇಳಿಯುತ್ತದೆ. ನನಗೆ ಎಷ್ಟು ಸಲ ಆಗಿದೆಯೋ. ಇದು ಇಳಿಯಲಿಲ್ಲ. ನೋವೂ ಇರಲಿಲ್ಲ. ಚರ್ಮ ಹಸನಾಗಿತ್ತು, ಮಗು ಸುಮ್ಮನೆ ನೀರು ಹಾಕಿಸಿಕೊಳ್ಳುತ್ತಿತ್ತು. ಗಂಟು ನಿಂಬೆಹಣ್ಣಿನಷ್ಟಾಯಿತು.

ಪೇಟೆಗೆ ಹೋದಾಗ ಡಾಕ್ಟರಮ್ಮ ನನ್ನ ಚರ್ಮ ನೋಡಿ ನಕ್ಕರು. ಗಂಟು ತೋರಿಸಿದೆ. ನಗು ನಿಂತಿತು. ಅದರಿಂದಲೂ ಚೂರು ತೆಗೆದು ಕಳಿಸಿದರು.

ಮತ್ತೆ ಹೋದಾಗ ಕೂರಿಸಿಕೊಂಡು ಹೇಳಿದರು. ಅದರೊಳಗೂ ಅವೇ ಕಣಗಳು. ಚರ್ಮದಲ್ಲಿದ್ದಾಗ ನಿಧಾನವಾಗಿದ್ದವು, ಬೆಳಕಿಗೆ ಸತ್ತವು. ಗಂಟಿಗೆ ಹೋಗಿ ಸೇರಿದ ಕಣಗಳು ಅಲ್ಲಿ ಬೇರೆ ಗುಣ ಹಿಡಿದಿವೆ, ಬೇಗ ಬೇಗ ಹೆಚ್ಚುತ್ತಿವೆ. ಬೆಳಕು ಅಷ್ಟು ಒಳಕ್ಕೆ ಇಳಿಯುವುದಿಲ್ಲ. ಘಾಟಿ ಇಳಿದು ಕೋಳಿಕ್ಕೋಡಿನ ದೊಡ್ಡ ಆಸ್ಪತ್ರೆಗೆ ಹೋಗಿ ಕ್ಯಾನ್ಸರ್ ಮದ್ದಿನ ಡ್ರಿಪ್ ಹಾಕಿಸಿಕೊಳ್ಳಬೇಕು.

“ಮಗುವಿಗೆ ನೀರು ಹಾಕಬಹುದಾ?” ಎಂದೆ.

“ಡ್ರಿಪ್ ಶುರುವಾದ ಮೇಲೆ ಬೇಡ. ಆಗ ನಿಮ್ಮ ಮೈಯಲ್ಲಿ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಮಗುವಿನ ಶೀತ ನಿಮಗೆ ಬಂದರೂ ಕಷ್ಟ.”

ಇಷ್ಟು ವರ್ಷ ನನ್ನಿಂದ ಮಕ್ಕಳಿಗೆ ಅಂಟುತ್ತದೆಂದು ದೂರ ಇಟ್ಟಿದ್ದರು. ಈಗ ಮಕ್ಕಳಿಂದ ನನಗೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕೂತು ಬಂದೆ.

ಡ್ರಿಪ್ ಶುರುವಾಗುವ ಮೊದಲೇ ಕಲಿತುಕೊಳ್ಳಲಿ ಎಂದು ಮರುದಿನ ಬೆಳಿಗ್ಗೆ ನನ್ನ ಜಾಗದಲ್ಲಿ ತಂಗಿಯನ್ನು ಕೂರಿಸಿದೆ.

“ಕಾಲ್ ಕೂಡ್ಸು. ಆ ಸಂದೀಲಿ ಮಗ ಬಿದ್ರೆ ಹುಡುಕ್ಬೇಕಾಯ್ತದೆ.”

“ನಿಂಗೇನಕ್ಕ, ಹಲಗೆ ಕಾಲು.”

ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅವಳ ಕಾಲಮೇಲೆ ಹಾಸಿ ಮಗುವನ್ನು ಮಲಗಿಸಿದೆ. ಸೊಸೆ ಬಾಗಿಲಲ್ಲಿ ನಿಂತಿದ್ದಳು.

“ಯಾಕಜ್ಜಿ, ನೀವ್ ಕೂತ್ಕಳಿಲ್ಲ?”

“ಕಾಲ್ ಚಾಚಕ್ಕಾಗಲ್ಲ” ಅಂದೆ. ಗಂಟು ಒತ್ತುತ್ತಿತ್ತು, ಅದೂ ನಿಜವೇ.

ಮಗು ಕಿರುಚಿತು. ಹಂಡೆಯ ನೀರಿಗೆ ಕೈ ಅದ್ದಿ ಬಿಸಿ ನೋಡಿದೆ, ನಿಂತುಕೊಂಡೇ ಹೊಯ್ದೆ. ಎರಡನೇ ಚೊಂಬಿಗೆ ಅಳು ನಿಂತಿತು. ತಂಗಿ ತಲೆಯೆತ್ತಿ ನನ್ನ ಮುಖ ನೋಡಿದಳು.

“ನನ್ನೇನ್ ನೋಡ್ತೀಯೆ, ಮಗ ನೋಡು” ಅಂದೆ. “ಕಿವಿಗ್ ನೀರೋಯ್ತದೆ.”