ಕೇಳದೇ ತೆಗೆದ ಫೋಟೋ

ಮೋಟರ್‌ಸೈಕಲ್ ಮೇಲೆ ನೇಪಾಳಕ್ಕೆ ಹೋಗುವ ಹುಚ್ಚು ನನಗೆ ಹತ್ತಿದ್ದು ಐವತ್ತು ದಾಟಿದ ಮೇಲೆ. ಜಮಖಂಡಿಯ ಒಂದು ಕಾಲೇಜಿನಲ್ಲಿ ಇಷ್ಟು ವರ್ಷ ಭೂಗೋಳ ಕಲಿಸಿದ್ದೇನೆ. ಹಲಗೆಯ ಮೇಲೆ ದೇಶದ ಗಡಿಯನ್ನು ಸೀಮೆಸುಣ್ಣ ಎತ್ತದೆ ಬರೆಯುತ್ತೇನೆ. ಆದರೆ ಒಂದು ಗಡಿಯನ್ನೂ ದಾಟಿರಲಿಲ್ಲ.

ಒಬ್ಬನೇ ಹೋಗುವುದೆಂದುಕೊಂಡಿದ್ದೆ. ಹೆಂಡತಿ ಒಪ್ಪಲಿಲ್ಲ. "ನಿಮ್ಮ ಹಿಂದ ಕೂತು ಬೀಳಗಿ ತನಕ ಹೋಗಾಕ ಬರತೈತಿ ಅಂದ್ರ ನೇಪಾಳಕ್ಕ ಯಾಕ ಬರಂಗಿಲ್ಲ? ನಾನೂ ಬರತೀನಿ" ಅಂದಳು. ಅವಳು ಬನಹಟ್ಟಿಯ ನೇಕಾರರ ಮನೆಯ ಮಗಳು. ಹಟ ಹಿಡಿದರೆ ಬಿಡುವವಳಲ್ಲ. ಎರಡು ತಿಂಗಳು ಪ್ರತಿ ಭಾನುವಾರ ರಬಕವಿಯ ನಮ್ಮ ಮನೆಯಿಂದ ಬೀಳಗಿಗೆ ಹೋಗಿ, ಹಿನ್ನೀರಿನ ದಂಡೆಯಲ್ಲಿ ಬುತ್ತಿ ಉಂಡು, ಮುಧೋಳದ ಮೇಲೆ ಹಾಯ್ದು ಮನೆಗೆ ಬಂದೆವು. ಅವಳ ಬೆನ್ನು ತಡೆದೀತೇ ಎಂದು ನೋಡುವುದಿತ್ತು. ಮೊದಲು ಸೋತದ್ದು ನನ್ನ ಬೆನ್ನು.

ಬೇಸಿಗೆ ರಜೆಯಲ್ಲಿ ಸಾವಳಗಿ ಹಾದಿ ಹಿಡಿದು ಹೊರಟವರು ಎಂಟನೆಯ ದಿನ ಸೋನೌಲಿಯ ಗಡಿ ಮುಟ್ಟಿದೆವು. ರಸ್ತೆಗೆ ಅಡ್ಡಲಾಗಿ ಒಂದು ಕಮಾನು, ಅದರಡಿ ಸೈಕಲ್ಲು, ಲಾರಿ, ತಲೆಯ ಮೇಲೆ ಗಂಟು ಹೊತ್ತ ಹೆಂಗಸರು. ಗಾಡಿಗೆ ಪರವಾನಗಿ ಕೊಡುವ ಕಚೇರಿಯಲ್ಲಿ ಒಬ್ಬ ಸಾಹೇಬರು ನನ್ನ ಹೆಂಡತಿಯ ಮತದಾರರ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಅಕ್ಷರ ಯಾವುದೆಂದು ಕೇಳಿದರು. ಕನ್ನಡವೆಂದೆ. "ದುಂಡಗಿದೆ" ಎಂದು ಹಿಂದಿಯಲ್ಲಿ ಹೇಳಿ ಮುದ್ರೆ ಒತ್ತಿದರು.

ಕಮಾನು ದಾಟಿದ ಮೇಲೆ ಹೆಂಡತಿ ಬೆನ್ನು ತಟ್ಟಿ ಕೇಳಿದಳು, "ಅಷ್ಟs ಏನ್ರೀ? ದಾಟಿದ್ವೇನು?"

"ದಾಟಿದ್ವಿ."

"ನಾ ಏನೋ ಭಾರೀ ಇರತೈತಿ ಅಂತ ತಿಳಿದಿದ್ದೆ."

ಮರುದಿನ ಪಾಲ್ಪಾದ ಗುಡ್ಡ ಏರಿದೆವು. ತಿರುವು ತಿರುವಿಗೂ ಕೆಳಗೆ ಕಣಿವೆ. ನನಗೆ ಉತ್ಸಾಹ ಮೀರಿತ್ತು. ಕಂಡದ್ದನ್ನೆಲ್ಲ ಫೋಟೋ ತೆಗೆದು, ನಮ್ಮ ಕಡೆಯ ಬೈಕ್ ಸವಾರರ ಮೊಬೈಲ್ ಗುಂಪಿಗೂ, ಹಾದಿಯಲ್ಲಿ ಸೇರಿಕೊಂಡಿದ್ದ, ನೇಪಾಳದ ಸವಾರರೂ ಇದ್ದ ಇನ್ನೊಂದು ದೊಡ್ಡ ಗುಂಪಿಗೂ ಕಳಿಸುತ್ತಿದ್ದೆ. ಒಂದು ಹಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಟಕಾ ಟಕ್ ಎಂಬ ಸದ್ದು ಕೇಳಿಸಿತು. ಹೆಂಡತಿ ಲೋಟ ಹಾಗೇ ಬಿಟ್ಟು ಎದ್ದಳು. "ಮಗ್ಗ!"

ಎದುರಿನ ಮನೆಯ ಪಡಸಾಲೆಯಲ್ಲಿ ನಲವತ್ತರ ಸುಮಾರಿನ ಒಬ್ಬ ಹೆಂಗಸು ಬಿಳಿ ಸೀರೆ ಉಟ್ಟು ಬಣ್ಣಬಣ್ಣದ ಬಟ್ಟೆ ನೇಯುತ್ತಿದ್ದಳು. ಹೆಂಡತಿ ಕೈಸನ್ನೆಯಲ್ಲಿ ಅಪ್ಪಣೆ ಕೇಳಿ ಪಕ್ಕದಲ್ಲಿ ಕುಳಿತಳು. ಅವಳ ಹಿಂದಿಯೂ ಹರಕು, ಇವಳ ಹಿಂದಿಯೂ ಹರಕು. ಆದರೂ ನೂಲಿನ ಮಾತು ಇಬ್ಬರಿಗೂ ತಿಳಿಯುತ್ತಿತ್ತು. ಕೊನೆಗೆ ಆ ಹೆಂಗಸೇ ಎದ್ದು ತನ್ನ ಜಾಗ ಬಿಟ್ಟುಕೊಟ್ಟಳು. ಹೆಂಡತಿ ಕಾಲಿಟ್ಟು ಒತ್ತಿದ್ದು ತಪ್ಪಿತು, ನೂಲು ಒಯ್ಯುವ ಲಾಳಿ ಅರ್ಧಕ್ಕೇ ಸಿಕ್ಕಿಕೊಂಡಿತು. "ಹಾಳಾದ ಮಗ್ಗ! ಊರು ಬದಲಾದ್ರೂ ನಿನ್ನ ಬುದ್ಧಿ ಬದಲಾಗಲಿಲ್ಲ ನೋಡು" ಎಂದು ಕನ್ನಡದಲ್ಲೇ ಬೈದಳು. ಮಾತು ತಿಳಿಯದಿದ್ದರೂ ಬೈಗುಳವೆಂದು ತಿಳಿದಿರಬೇಕು, ಆ ಹೆಂಗಸು ನಕ್ಕಳು. ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಾನು ಮೊಬೈಲ್ ಎತ್ತಿದೆ. ಹೆಂಡತಿ ಅಲ್ಲಿಂದಲೇ ಕಣ್ಣು ಬಿಟ್ಟಳು. "ಅಕಿನ್ನ ಕೇಳ್ರಿ ಮೊದಲ."

"ಕೇಳಿದ್ರ ನಗು ನಿಂತುಬಿಡತೈತಿ" ಎಂದು ಒತ್ತಿಯೇಬಿಟ್ಟೆ.

ಚಂದದ ಫೋಟೋ. ಅಂಥದ್ದನ್ನು ನಾನು ಅದಕ್ಕೂ ಮೊದಲು ತೆಗೆದಿಲ್ಲ, ಆಮೇಲೂ ತೆಗೆದಿಲ್ಲ. ಹಳ್ಳಿಯ ಹೆಸರಿನ ಜೊತೆಗೆ ಅಲ್ಲಿಂದಲೇ ಗುಂಪುಗಳಿಗೆ ಕಳಿಸಿದೆ.

ಪೋಖರಾದಲ್ಲಿ ನಾಲ್ಕು ದಿನ ಇದ್ದೆವು. ಒಂದು ಸ್ಟುಡಿಯೋದಲ್ಲಿ ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ ಕಟ್ಟು ಹಾಕಿಸಿದೆ. ಮರಳುವಾಗ ಅವಳಿಗೆ ಕೊಟ್ಟು ಸಂತೋಷ ಪಡಿಸಬೇಕೆಂದಿತ್ತು. ಹಾದಿಯುದ್ದಕ್ಕೂ ಹೆಂಡತಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಳು.

ಹಳ್ಳಿ ಮುಟ್ಟಿದಾಗ ಮಗ್ಗದ ಸದ್ದಿರಲಿಲ್ಲ. ಚಹಾದಂಗಡಿಯವನು ನಮ್ಮನ್ನು ಕಂಡು ನಗಲಿಲ್ಲ. ಲೋಟ ಇಡುತ್ತ ಹಿಂದಿಯಲ್ಲಿ ಹೇಳಿದ: "ಆ ಫೋಟೋ ಎಲ್ಲರ ಫೋನಿಗೂ ಬಂದಿದೆ. ಅವಳ ಗಂಡ ಸತ್ತು ಏಳು ತಿಂಗಳು. ಇಲ್ಲಿ ವರ್ಷದ ತನಕ ಬಿಳಿ ಉಡುತ್ತಾರೆ, ಗೊತ್ತಿಲ್ಲವೇ? ದಾರಿಹೋಕರ ಜೊತೆ ಹಲ್ಲು ಕಿಸಿಯುತ್ತಾಳೆಂದು ನಲ್ಲಿಯ ಮುಂದೆ ವಾರಗಿತ್ತಿ ಎಲ್ಲರೆದುರು ಅಂದಳು. ಮನೆಗೆ ಹಿರಿಯ, ಅವಳ ಗಂಡನ ಅಣ್ಣ, ಅವನೂ ಸಿಟ್ಟಾಗಿದ್ದಾನೆ. ಅವತ್ತಿನಿಂದ ಅವಳು ಮಗ್ಗಕ್ಕೆ ಕುಳಿತಿಲ್ಲ."

ಲೋಟ ಬದಿಗಿಟ್ಟೆ. ಬಿಳಿ ಸೀರೆಯನ್ನು ನಾನು ನೋಡಿದ್ದೆ. ಬಣ್ಣದ ಬಟ್ಟೆಯ ಮುಂದೆ ಅದು ಚಂದ ಕಾಣುತ್ತದೆಂದು ಮಾತ್ರ ನೋಡಿದ್ದೆ.

ಗುಂಪುಗಳಲ್ಲಿ ಕ್ಷಮೆ ಕೇಳಿ, ಫೋಟೋ ಅಳಿಸಿರೆಂದು ಬರೆದೆ. ಆಮೇಲೆ ಸತ್ತವನ ಅಣ್ಣನ ಮನೆ ಎಲ್ಲಿದೆ ಎಂದು ಅಂಗಡಿಯವನನ್ನು ಕೇಳಿ ಎದ್ದು ನಿಂತೆ. ಹೆಂಡತಿ ತೋಳು ಹಿಡಿದಳು.

"ಎಲ್ಲಿಗೆ ಹೊಂಟ್ರಿ?"

"ತಪ್ಪು ನಂದು ಅಂತ ಹೇಳಿ ಬರತೀನಿ."

"ಈಗಾದ್ರೂ ಅಕಿನ್ನ ಕೇಳ್ರಿ ಮೊದಲ."

ಆ ಹೆಂಗಸು ಬಾಗಿಲ ಹಿಂದೆ ನಿಂತೇ ಮಾತಾಡಿದಳು. ಸಿಟ್ಟು ಕಾಣಲಿಲ್ಲ, ದಣಿದಿದ್ದಳು. ನಾವು ಬಾವನ ಮನೆಗೆ ಹೋಗಿ ಹೇಳಬಹುದೇ ಎಂದು ಹೆಂಡತಿ ಕೇಳಿದಾಗ, "ದೀದಿ ಒಬ್ಬಳೇ ಬರಲಿ. ನಾನೂ ಜೊತೆಗಿರುತ್ತೇನೆ. ಅವರು ಬೇಡ" ಅಂದಳು. ಅವರು ಎಂದರೆ ನಾನು.

ಆ ಒಂದು ತಾಸು ಚಹಾದಂಗಡಿಯ ಬಾಕಿನ ಮೇಲೆ ಕುಳಿತದ್ದು ನನ್ನ ಇಡೀ ಪ್ರವಾಸದಲ್ಲೇ ಉದ್ದದ ಹಾದಿ. ನಾನೇ ಮುಂದೆ ನಿಂತು ತಪ್ಪೊಪ್ಪಿಕೊಂಡರೆ ಹಗುರಾಗುತ್ತಿದ್ದೆ. ಆದರೆ ಹಗುರಾಗಬೇಕಾದವಳು ಅವಳು, ನಾನಲ್ಲ ಎಂಬುದು ಅಲ್ಲಿ ಕುಳಿತೇ ತಿಳಿಯಿತು.

ನಡೆದದ್ದನ್ನು ಹೆಂಡತಿ ಆಮೇಲೆ ಹೇಳಿದಳು. ಬಾವನಾದವನು ಮೊದಲು ಮುಖ ತಿರುಗಿಸಿಕೊಂಡೇ ಕುಳಿತಿದ್ದನಂತೆ. ಇವಳು ಲಾಳಿ ಸಿಕ್ಕಿಕೊಂಡದ್ದು, ತಾನು ಮಗ್ಗಕ್ಕೆ ಬೈದದ್ದು, ಎಲ್ಲವನ್ನೂ ಕೈಯಾಡಿಸಿ ತೋರಿಸಿದಳಂತೆ. ನಗಿಸಿದವಳು ತಾನು, ಕೇಳದೇ ಫೋಟೋ ತೆಗೆದವನು ತನ್ನ ಗಂಡ, ಇದರಲ್ಲಿ ಆಕೆಯದೇನೂ ಇಲ್ಲವೆಂದಳಂತೆ. ಕೇಳುತ್ತಿದ್ದವನು ಒಮ್ಮೆಲೇ ಅತ್ತನಂತೆ.

"ಏನಂದ ಗೊತ್ತೇನ್ರೀ? ತಮ್ಮ ಹೋದಾಗಿಂದ ನನಗ ನಗು ಬಂದಿಲ್ಲ, ಅಕಿಗೆ ಬಂತಲ್ಲ ಅಂತ ಸಿಟ್ಟು ಬಂತು, ಅಂದ. ಆಮ್ಯಾಲ ಅಕಿ ಕಡೆ ನೋಡಿ, ನಿನ್ನ ನಗು ಕೇಳಿದ್ರ ಅವಗ ಖುಷಿ ಆಗ್ತಿತ್ತು, ಅಂತನೂ ಅಂದ."

ಅವನು ಹೆಂಡತಿಯನ್ನು ಬಿಡಲು ರಸ್ತೆಯವರೆಗೆ ಬಂದ. ನಾನು ಕೈಮುಗಿದೆ. ಅವನು ತಿರುಗಿ ಮುಗಿಯಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, ನಂಬರ್ ಪ್ಲೇಟ್ ನೋಡಿ, ಊರು ಎಷ್ಟು ದಿನದ ಹಾದಿ ಎಂದು ಕೇಳಿದ. ಎಂಟೊಂಬತ್ತು ದಿನ ಎಂದೆ. "ನಿಧಾನ ಹೋಗಿ. ಇಳಿಜಾರಿದೆ" ಅಂದ.

ಫೋಟೋದ ಕಟ್ಟನ್ನು ಏನು ಮಾಡಬೇಕೆಂದು ಆ ಹೆಂಗಸನ್ನೇ ಕೇಳಿದೆವು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ತನ್ನ ಮುಖವನ್ನು ಬಹಳ ದಿನದ ಮೇಲೆ ನೋಡುತ್ತಿದ್ದಳೇನೋ. ನೇಯ್ದ ಬಟ್ಟೆಯ ತುಂಡೊಂದರಲ್ಲಿ ಸುತ್ತಿ, ವರ್ಷ ಮುಗಿದ ಮೇಲೆ ತೆಗೆಯುತ್ತೇನೆಂದು ಟ್ರಂಕಿನೊಳಗಿಟ್ಟಳು.

ಊರಿಗೆ ಬಂದ ಮೇಲೆ ಬನಹಟ್ಟಿಗೆ ಹೋಗಿ ಹೆಂಡತಿಯ ತಮ್ಮನಿಗೆ ಇದೆಲ್ಲವನ್ನೂ ಹೇಳಿದೆ. ಅವನು ಈಗಲೂ ಕೈಮಗ್ಗ ನಡೆಸುತ್ತಾನೆ. ಎಳೆ ಹಚ್ಚುತ್ತಲೇ ಕೇಳಿ, "ಮಾಮಾರ, ಒಂದು ಮಾತು ಹೇಳ್ಲಿ? ಸಿಟ್ಟಾಗಬ್ಯಾಡ್ರಿ. ನಿಮ್ಮ ಕಾಲೇಜಿಗೆ ಹೊರಗಿನ ಪಾವಣ್ಯಾರು ಬಂದಾಗೆಲ್ಲಾ ಇಲ್ಲಿಗೆ ಕರಕೊಂಡು ಬರತೀರಿ. ಅವರು ಫೋಟೋ ಹೊಡಕೊಂಡು ಹೋಗತಾರ. ನಾ ಬನಿಯನ್ ಮ್ಯಾಲ ಇರತೀನಿ, ನಿಮ್ಮ ಅತ್ತಿ ಅಲ್ಲೇ ಮಲಗಿರತಾಳ" ಅಂದ.

"ಒಮ್ಮೆ ಆದ್ರೂ ಹೇಳಬೇಕಿಲ್ಲೋ?" ಅಂದೆ.

"ನೀವು ಮನಿ ಅಳಿಯಂದ್ರು. ಹೆಂಗ ಹೇಳೂದ್ರಿ?"

ನೇಪಾಳದವಳು ಪರದೇಶದವಳು, ಅವಳ ರೀತಿ ತಿಳಿಯಲಿಲ್ಲ ಎಂದು ಒಳಗೊಳಗೇ ಒಂದು ಸಮಾಧಾನ ಮಾಡಿಕೊಂಡಿದ್ದೆ. ಇದು ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಓಣಿ.

ಗುಂಪಿನಲ್ಲಿ ಹೆಚ್ಚಿನವರು ಫೋಟೋ ಅಳಿಸಿದೆವೆಂದು ಬರೆದರು. ಕೆಲವರು ಬರೆಯಲಿಲ್ಲ. ಅದು ಇನ್ನೂ ಯಾರ ಯಾರ ಫೋನಿನಲ್ಲಿ ಇದೆಯೋ ನನಗೆ ತಿಳಿಯದು. ಹೋದ ತಿಂಗಳು ಕಾಲೇಜಿಗೆ ಬಂದ ಅತಿಥಿಗಳು ಮಗ್ಗ ನೋಡಬೇಕೆಂದರು. ಹೆಂಡತಿಯ ತಮ್ಮನಿಗೆ ಫೋನು ಮಾಡಿ ಕೇಳಿದೆ. ಅವನು "ಇವತ್ತು ಬ್ಯಾಡ್ರಿ ಮಾಮಾರ" ಅಂದ. ಹಾಗೆ ಅವನು ಅಂದದ್ದು ಅದೇ ಮೊದಲು. ನಾನು ಅತಿಥಿಗಳನ್ನು ಹಿಪ್ಪರಗಿಗೆ ಕರೆದುಕೊಂಡು ಹೋಗಿ ಹೊಳೆ ತೋರಿಸಿಕೊಂಡು ಬಂದೆ.