ಬಾಗಿಲು ಕಾದವಳು

ಸಿನಿಮಾ ಹಾಕಿದ್ದು ಮಗಳು. ಹಾಸ್ಟೆಲಿನ ದೊಡ್ಡ ಹುಡುಗರು ಚಿಕ್ಕವನೊಬ್ಬನನ್ನು ಸ್ನಾನದ ಮನೆಗೆ ಎಳೆದೊಯ್ದು ಹೊಡೆಯುವ ಕಥೆ. ಹೊಡೆಯುವವರನ್ನು ಅವಳು ಅಷ್ಟಾಗಿ ಬೈಯಲಿಲ್ಲ. ಬಾಗಿಲಲ್ಲಿ ಕಾವಲು ನಿಂತವನನ್ನು ಕಂಡು, "ಇವ್ನಿಗೇನಮ್ಮ ಬಂದಿತ್ತು ದೊಡ್ಡ್ರೋಗ?" ಎಂದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ.

ನಮ್ಮ ತಾಲ್ಲೂಕು ಊರಾದ ಕೋಟೆಯ ಹಾಸ್ಟೆಲಿನಲ್ಲಿ ಆ ರೋಗ ನನಗೇ ಬಂದಿತ್ತು. ನಾನಾಗ ಹತ್ತನೇ ಕ್ಲಾಸು. ಹಂಪಾಪುರದ ಕಡೆಯ ನಮ್ಮೂರಿನಿಂದಲೇ ಆರನೇ ಕ್ಲಾಸಿಗೆ ಒಬ್ಬಳು ಬಂದು ಸೇರಿದಳು. ನಮ್ಮ ಜನ ಮಕ್ಕಳನ್ನು ಹಾಸ್ಟೆಲಿಗೆ ಬಿಡುವಾಗ ವಾರ್ಡನ್‌ಗಿಂತ ತಮ್ಮೂರಿನ ದೊಡ್ಡ ಹುಡುಗಿಯನ್ನೇ ಹೆಚ್ಚು ನಂಬುತ್ತಾರೆ. ಅವಳಪ್ಪ ಟ್ರಂಕು ಇಳಿಸಿ, ಅವಳ ಕೈಯನ್ನು ನನ್ನ ಕೈಗೆ ಕೊಟ್ಟು, "ನಮ್ ಮಗೀನ ನೋಡ್ಕವ್ವ, ನೀನಿದ್ದೀಯ ಅಂತ್ಲೇ ಬುಟ್ಟೋಯ್ತಾ ಇವ್ನಿ" ಅಂದಿದ್ದರು.

ಚಿಕ್ಕವರು ದೊಡ್ಡವರ ಬಟ್ಟೆ ಒಗೆಯಬೇಕಿತ್ತು. ಇವಳು ಒಗೆಯುವುದಿಲ್ಲ ಎಂದಳು. ನನ್ನ ಕ್ಲಾಸಿನ ಮೂವರು ಸೇರಿ ಸ್ನಾನದ ಮನೆಯಲ್ಲಿ ಬಕೆಟ್ಟಿನಿಂದ ಬಡಿದರು. ನಾನು ಹೊರಗೆ ಚಿಲಕ ಹಿಡಿದು ನಿಂತಿದ್ದೆ. ಅವಳು "ಅಕ್ಕ, ಅಕ್ಕ" ಎಂದು ನನ್ನನ್ನೇ ಕೂಗುತ್ತಿದ್ದಳು. ಬಿಡಿಸಲು ಹೋದರೆ ನನಗೂ ಬೀಳುತ್ತಿತ್ತು ಎಂದು ಎಷ್ಟೋ ವರ್ಷ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ನನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ; ಆಮೇಲೆ ತಮ್ಮ ಗುಂಪಿಗೆ ಸೇರಿಸುತ್ತಿರಲಿಲ್ಲ, ಅಷ್ಟೇ.

ಭಾನುವಾರ ಅವಳಪ್ಪ ಬಂದು ಊದಿದ ಮಣಿಕಟ್ಟು ನೋಡಿದರು. "ಪಾಚಿ ಮೇಲೆ ಜಾರ್ಬುಟ್ಳು ಮಾವ" ಎಂದೆ. ಅವಳು ತಲೆಯೆತ್ತಲಿಲ್ಲ. ಮಗಳಿಗೆಂದು ತಂದ ರೊಟ್ಟಿ, ಹುಚ್ಚೆಳ್ಳು ಚಟ್ನಿಯಲ್ಲಿ ಅರ್ಧ ನನಗೆ ಕೊಟ್ಟರು. ತಿಂದೆ, ನಾಚಿಕೆಗೆಟ್ಟವಳು. ದಸರಾ ರಜೆಗೆ ಊರಿಗೆ ಹೋದ ಆ ಹುಡುಗಿ ಮತ್ತೆ ಯಾವ ಶಾಲೆಗೂ ಹೋಗಲಿಲ್ಲ.

ಸಿನಿಮಾ ನೋಡಿದ ವಾರವೇ, ಈಗ ನಾನಿರುವ ಹುಣಸೂರಿನಿಂದ ಅವಳನ್ನು ಕಾಣಲು ಊರಿನ ಬಸ್ಸು ಹತ್ತಿದೆ. ಅವಳು ತವರಿನಲ್ಲೇ ಇದ್ದಾಳೆ, ಹೊಗೆಸೊಪ್ಪಿನ ಕೂಲಿಗೆ ಹೋಗುತ್ತಾಳೆ. ಜಗಲಿಯಲ್ಲಿ ಕೂತಿದ್ದ ಅವಳಪ್ಪ ನನ್ನ ಗುರುತು ಹಿಡಿದು, "ನಮ್ ಮಗೀಗೆ ಅಲ್ಲಿ ಆಸರೆ ಆಗಿದ್ದೋಳು ನೀನೊಬ್ಳೇ ಕಣವ್ವ" ಎಂದರು. ಭೂಮಿಗಿಳಿದು ಹೋದೆ. ಹಿತ್ತಲಿನಲ್ಲಿ ಅವಳ ಮುಂದೆ ತಪ್ಪೊಪ್ಪಿಕೊಂಡು, ನಿಮ್ಮಪ್ಪನಿಗೂ ಎಲ್ಲ ಹೇಳಿಬಿಡುತ್ತೇನೆ ಎಂದೆ.

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನಿಂಗೆ ಅಗುರಾಗ್ಲಿ ಅಂತ ಅಪ್ಪಂಗೆ ಏಳ್ಬೇಡ ಕಣಕ್ಕ. ಮಗೀನ ನಾನೇ ಬುಟ್ಬಂದೆ ಅಂತ ಇವತ್ತೂ ಕೊರಗ್ತಾನೆ. ಒಬ್ಳಾದ್ರೂ ನೋಡ್ಕಂಡ್ಳಲ್ಲ ಅನ್ನೋದೊಂದೇ ಅವ್ನಿಗೆ ಸಮಾದಾನ."

ಜಗಲಿಗೆ ಬಂದು ಅವರ ಪಕ್ಕ ಕೂತೆ. ಬಸ್ಸಿನ ಹೊತ್ತಾಗುವವರೆಗೂ ಅವರು ನನ್ನನ್ನು ಹೊಗಳಿದರು. ಕೂತು ಕೇಳಿದೆ.