ನಲವತ್ತು ತೋರಿಸಿದ ಮುಳ್ಳು

ಪೋರ್ಟ್ ಪಿರಿ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯ ಐಲ್ಸಾ ಟ್ರೆಜೋನಾ ಹಳೆಯ ಮೋಟಾರ್‌ಸೈಕಲ್‌ಗಳ ಸ್ಪೀಡೋಮೀಟರ್ ರಿಪೇರಿ ಮಾಡುತ್ತಿದ್ದರು. ಗಡಿಯಾರದ ಅಂಗಡಿಯಲ್ಲಿ ಪಳಗಿದ ಕೈ. ಹಿಂದಿನ ವರಾಂಡವೇ ಅಂಗಡಿ. ದೂರದ ಊರುಗಳಿಂದಲೂ ಜನ ಪಾರ್ಸೆಲ್ ಕಳಿಸುತ್ತಿದ್ದರು.

ಮಾರ್ಚ್ ತಿಂಗಳಲ್ಲಿ ರಾಸ್ ವಿಡ್ಲರ್ ಎಂಬವನು ಕುಂಟುತ್ತ ಬಂದ. ಐವತ್ತರ ಆಸುಪಾಸು. ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಮೀಟರ್‌ಗಳಿದ್ದವು: ವೇಗದ್ದೊಂದು, ಎಂಜಿನ್ನಿನ ಸುತ್ತು ಎಣಿಸುವುದೊಂದು. ಎರಡರ ಗಾಜೂ ಒಡೆದಿತ್ತು.

"ಹನ್ನೊಂದು ವರ್ಷದ ಹಿಂದೆ, ಇದೇ ತಿಂಗಳಲ್ಲಿ, ಕಣಿವೆ ತಿರುವಲ್ಲಿ ಬಿದ್ದೆ," ಎಂದ. "ಬೈಕ್ ತಗೊಂಡು ತಿಂಗಳೂ ಆಗಿರ್ಲಿಲ್ಲ. ಮುಳ್ಳು ನಲವತ್ತು ಮೈಲಿಯಲ್ಲೇ ಇತ್ತು, ನಾನು ಕಣ್ಣಾರೆ ನೋಡಿದ್ದೆ. ಯಾರೂ ನಂಬ್ಲಿಲ್ಲ. ನಮ್ಮಣ್ಣ ಅಂತೂ ಇವತ್ತಿಗೂ ಅವನ ಮಕ್ಕಳನ್ನ ನನ್ನ ಕಾರಲ್ಲಿ ಕೂರಿಸಲ್ಲ."

ಅವನು ಹೋದ ಮೇಲೆ ಐಲ್ಸಾ ಸ್ಪೀಡೋಮೀಟರಿನ ಅಂಚಿನ ಉಂಗುರವನ್ನು ಇಷ್ಟಿಷ್ಟೇ ಎಬ್ಬಿಸಿ ತೆಗೆದರು. ಒಳಗೆ, ಡಬ್ಬಿಯ ಗೋಡೆಯ ಮೇಲೆ, ಸೂಜಿಯಿಂದ ಗೀಚಿದ ಪುಟ್ಟ ಮೀನು. ಅದರ ಪಕ್ಕದಲ್ಲಿ ತಿಂಗಳು, ವರ್ಷ. ಆ ಮೀನು ಅವರದೇ ಗುರುತು. ರಾಸ್ ಬೀಳುವುದಕ್ಕೆ ಎರಡು ತಿಂಗಳು ಮೊದಲು ಬೈಕಿನ ಹಳೆಯ ಮಾಲೀಕನಿಗೆ ಇದನ್ನು ಸರಿಮಾಡಿ ಕೊಟ್ಟಿದ್ದವರು ಅವರೇ.

ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಬೇರೆ ಕೆಲಸ ಹಿಡಿದರು, ಬಿಟ್ಟರು. ಬೇಲಿಯಾಚೆ ಅವರು ಒಣಗಿದ ಬಟ್ಟೆಯನ್ನೇ ಮತ್ತೆ ಹಗ್ಗಕ್ಕೆ ಹಾಕುವುದನ್ನು ನಾನು ನೋಡಿದೆ. ಐದನೆಯ ದಿನ ಬೆಳಿಗ್ಗೆ, ಅಂಗಳದ ಹುಲ್ಲು ಕತ್ತರಿಸುತ್ತಿದ್ದ ನನ್ನನ್ನು ಕೂಗಿದರು.

"ಲೇ ಡೆಸ್, ಆ ಹುಲ್ಲು ಎಲ್ಲೂ ಓಡಿಹೋಗಲ್ಲ, ಬಾ ಇಲ್ಲಿ. ನೀನು ಓದು. ನನ್ನ ಕಣ್ಣನ್ನ ಇವತ್ತು ನಾನೇ ನಂಬಲ್ಲ."

ಮೇಜಿನ ಮೋಟಾರಿಗೆ ಮೀಟರನ್ನು ಸಿಕ್ಕಿಸಿ, ಅರವತ್ತು ಮೈಲಿಗೆ ಸರಿಯಾದ ವೇಗದಲ್ಲಿ ತಿರುಗಿಸಿದರು. ಮುಳ್ಳು ನಡುಗುತ್ತ ಏರಿ ನಿಂತಿತು.

"ನಲವತ್ತಾರು," ಎಂದೆ.

"ಇನ್ನೊಂದ್ಸಲ ನೋಡು."

"ನಲವತ್ತಾರೇ. ಬಿದ್ದ ಏಟಿಗೆ ಕೆಟ್ಟಿರಬಹುದಲ್ವಾ?"

ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಮುಳ್ಳನ್ನು ಹಿಂದಕ್ಕೆಳೆಯುವ ಕೂದಲೆಳೆಯಂಥ ಸ್ಪ್ರಿಂಗಿನ ತುದಿ ಜರುಗಿ ಬಿಗಿಯಾಗಿತ್ತು. ಆ ತುದಿ ಅಲುಗದಂತೆ ಒಂದು ಹನಿ ಅರಗು ಇಡಬೇಕು. ಅಲ್ಲಿ ಅರಗಿನ ಕಲೆಯೂ ಇರಲಿಲ್ಲ.

"ಏಟಿಗೆ ಅರಗು ಒಡೆಯುತ್ತೆ, ಚೂರಾದ್ರೂ ಉಳಿಯುತ್ತೆ," ಎಂದರು. "ನಾನು ಇಟ್ಟೇ ಇಲ್ಲ ಕಣೋ."

"ಅವನಿಗೆ ಗೊತ್ತಿಲ್ಲವಲ್ಲ," ಎಂದುಬಿಟ್ಟೆ. ಅವರು ನನ್ನ ಕಡೆ ತಿರುಗಿಯೂ ನೋಡದೆ ಫೋನ್ ಎತ್ತಿಕೊಂಡರು. ನಂಬರು ಒತ್ತುವಾಗ ಎರಡು ಸಲ ತಪ್ಪಿತು.

ಮಧ್ಯಾಹ್ನ ರಾಸ್ ಬಂದ. ಎಲ್ಲವನ್ನೂ ನಿಂತೇ ಕೇಳಿದ. ಕುರ್ಚಿ ಹಿಡಿದು ಕುಳಿತ.

"ಅಂದ್ರೆ ನಾನು ಐವತ್ತರ ಮೇಲೆ ಹೋಗ್ತಿದ್ದೆ."

"ಹದಿನಾಲ್ಕು ಕಮ್ಮಿ ತೋರಿಸುತ್ತೆ ಇದು. ಐವತ್ನಾಲ್ಕಿರಬಹುದು."

"ನಾನು ಸುಳ್ಳು ಹೇಳಿರ್ಲಿಲ್ಲ."

"ಇಲ್ಲಪ್ಪ. ಸುಳ್ಳು ಹೇಳಿದ್ದು ಇದು. ಹೇಳಿಸಿದ್ದು ನಾನು."

ಅವನು ಬೈಯಲಿಲ್ಲ, ಕ್ಷಮಿಸಿದೆ ಎನ್ನಲೂ ಇಲ್ಲ. "ಇದನ್ನ ಕಾಗದದ ಮೇಲೆ ಬರೆದುಕೊಡಿ. ನಮ್ಮಣ್ಣನಿಗೆ ತೋರಿಸ್ಬೇಕು," ಎಂದ. ಬರೆದುಕೊಟ್ಟರು. ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಹೇಳಿದ: "ರಿಪೇರಿ ನೀವೇ ಮಾಡಿ. ಆದ್ರೆ ನಾನು ಪಕ್ಕದಲ್ಲೇ ಕೂತಿರ್ತೀನಿ."

ಮೂರು ಮಧ್ಯಾಹ್ನ ಹಾಗೆಯೇ ಕುಳಿತ. ಐಲ್ಸಾ ಮಾಡುವ ಒಂದೊಂದು ಕೆಲಸಕ್ಕೂ "ಇದೇನು?", "ಇದ್ಯಾಕೆ?" ಎಂದು ಕೇಳಿದ. ಅಂಥ ಪರೀಕ್ಷೆಯನ್ನು ಅವರು ಗಡಿಯಾರದಂಗಡಿಯಲ್ಲೂ ಬರೆದಿರಲಿಕ್ಕಿಲ್ಲ. ಎರಡು ಮೀಟರ್‌ಗಳೂ ಸರಿಯಾದವು. ಅವನು ಪೆಟ್ಟಿಗೆ ಎತ್ತಿಕೊಂಡು, ತಲೆಯಾಡಿಸಿ ಹೋದ.

ಐಲ್ಸಾಗೆ ಮಾತ್ರ ಬಿಡುಗಡೆ ಸಿಗಲಿಲ್ಲ. ಹನ್ನೊಂದು ವರ್ಷದ ಹಿಂದಿನ ಆ ವರ್ಷ ಇನ್ನೆಷ್ಟು ಮೀಟರ್‌ಗಳಲ್ಲಿ ಹೀಗೆ ಮರೆತಿದ್ದೆನೋ ಎಂಬ ಭಯ ಹಿಡಿಯಿತು. ಹಳೆಯ ವಿಳಾಸಗಳನ್ನು ಹುಡುಕಿ ಒಂಬತ್ತು ಜನರಿಗೆ ಫೋನ್ ಮಾಡಿ, ಮೀಟರ್ ಬಿಚ್ಚಿ ಕಳಿಸಿ ಎಂದು ಬೇಡಿಕೊಂಡರು. ಎಂಟು ಬಂದವು. ಎಂಟರಲ್ಲೂ ಅರಗು ಸರಿಯಾಗಿತ್ತು.

ಒಂಬತ್ತನೆಯವನು ಬೈಕನ್ನು ಯಾರಿಗೋ ಮಾರಿದ್ದ. ಕೊಂಡವನ ಹೆಸರು ಅವನಿಗೆ ನೆನಪಿರಲಿಲ್ಲ. ಕೊನೆಗೆ ಐಲ್ಸಾ, ಆ ಬೈಕ್ ಯಾರ ಬಳಿ ಇದ್ದರೂ ಮೀಟರ್ ಕಳಿಸಿಕೊಡಿ ಎಂದು ಬೈಕಿನವರ ಪತ್ರಿಕೆಗೆ ನಾಲ್ಕು ಸಾಲಿನ ಪ್ರಕಟಣೆ ಕಳಿಸಿದರು. ಇನ್ನೂ ಉತ್ತರ ಬಂದಿಲ್ಲ.